ಭುಜಕ್ಕೆ ಒಗ್ಗುವ ಕೋವಿ

ಒಹಾಯೋದಲ್ಲಿ ಕೋವಿಯ ಜಿಂಕೆ ಬೇಟೆ ಶುರುವಾಗುವುದು ಥ್ಯಾಂಕ್ಸ್‌ಗಿವಿಂಗ್ ಮುಗಿದ ಸೋಮವಾರ. ಅದಕ್ಕಿನ್ನೂ ತಿಂಗಳುಗಟ್ಟಲೆ ಸಮಯವಿದೆ. ನೀನಾಗಲೇ 12 ಗೇಜಿನ ಮೂರೂವರೆ ಇಂಚಿನ ಮ್ಯಾಗ್ನಮ್ ಕೋವಿಗೆ ಮನಸ್ಸು ಕೊಟ್ಟು ಕೂತಿದ್ದೀಯಂತೆ. ನಿನ್ನ ಉತ್ಸಾಹ ನನಗೆ ಇಷ್ಟ, ಮಗಾ. ನಿನ್ನ ಅವಸರ ಮಾತ್ರ ಇಷ್ಟವಿಲ್ಲ.

ಆ ಮೂರೂವರೆ ಇಂಚಿನ ತೋಟಾ ಬಂದದ್ದೇ ಬಾತು, ಟರ್ಕಿ ಹೊಡೆಯುವವರಿಗೋಸ್ಕರ. ಜಿಂಕೆಗೆ ಬೇಕಾದ ಸ್ಲಗ್, ಅಂದರೆ ಒಂಟಿ ಗುಂಡಿನ ತೋಟಾ, ಅಂಗಡಿಯಲ್ಲಿ ಸಿಗುವುದು ಎರಡೂಮುಕ್ಕಾಲು ಇಂಚಿನಲ್ಲಿ, ಇಲ್ಲವೇ ಮೂರು ಇಂಚಿನಲ್ಲಿ. ಉಳಿದ ಅರ್ಧ ಇಂಚಿಗೆ ಸುಮ್ಮನೆ ದುಡ್ಡು ಸುರಿಯುತ್ತೀಯ.

ಗೇಜಿನ ಲೆಕ್ಕ ನಿನಗೆ ಯಾರೂ ಸರಿಯಾಗಿ ಹೇಳಿಕೊಟ್ಟ ಹಾಗಿಲ್ಲ. ಒಂದು ಪೌಂಡ್ ಸೀಸದಲ್ಲಿ ಒಂದೇ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದರ ಅಗಲ ಎಷ್ಟೋ ಅದೇ 12 ಗೇಜಿನ ನಳಿಗೆಯ ಅಗಲ, ಸುಮಾರು 18.5 ಮಿ.ಮೀ. ಇಪ್ಪತ್ತು ಮಾಡಿದರೆ 20 ಗೇಜು, ಸುಮಾರು 15.6 ಮಿ.ಮೀ. ಅಂಕಿ ಏರಿದಂತೆ ನಳಿಗೆ ಸಣ್ಣದಾಗುತ್ತದೆ. 12ರ ಸಾಮಾನ್ಯ ಸ್ಲಗ್ ಒಂದು ಔನ್ಸ್, ಅಂದರೆ 28 ಗ್ರಾಂ ತೂಗುತ್ತದೆ. 20ರದ್ದು ಮುಕ್ಕಾಲು ಔನ್ಸ್. ಎರಡೂ ಸೆಕೆಂಡಿಗೆ ಸುಮಾರು 1,600 ಅಡಿ ವೇಗದಲ್ಲಿ ಹೊರಡುತ್ತವೆ. ಮುಂಗಾಲಿನ ಹಿಂದೆ, ಶ್ವಾಸಕೋಶಕ್ಕೆ ಸರಿಯಾಗಿ ಬಿದ್ದರೆ ಬಿಳಿಬಾಲದ ಜಿಂಕೆಗೆ ಆ ಮುಕ್ಕಾಲು ಔನ್ಸೇ ಧಾರಾಳ. ಹೊಟ್ಟೆಗೆ ಬಿದ್ದರೆ ಒಂದು ಔನ್ಸ್ ಆದರೂ ಸಾಲದು.

ಅದಕ್ಕೇ ಹೇಳುತ್ತೇನೆ, 20 ತಗೋ.

ಮುಖ ಸಣ್ಣ ಮಾಡಿಕೊಳ್ಳಬೇಡ. ಗುರಿ ತಪ್ಪಿದ ಈಡುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಳಿಗೆ ಸಣ್ಣದಾಯಿತು ಎಂದು ತಪ್ಪಿದ್ದು ಅಪರೂಪ. ಒದೆತದ ಭಯಕ್ಕೆ ಟ್ರಿಗರ್ ಎಳೆಯುವ ಮೊದಲೇ ಭುಜ ಬಿಗಿದು, ಕಣ್ಣು ಮುಚ್ಚಿ, ನಳಿಗೆ ಕೆಳಗೆ ಜಗ್ಗಿ ತಪ್ಪಿದ್ದೇ ಹೆಚ್ಚು. 12ರ ಪೂರ್ತಿ ಬಲದ ಸ್ಲಗ್ ಒದೆಯುವ ಒದೆತ ಪಾರಿವಾಳ ಹೊಡೆಯುವ ಚರೆ ತೋಟಾದ ಹಾಗಲ್ಲ. ಐದು ಈಡು ಹೊಡೆಯುವಷ್ಟರಲ್ಲಿ ಎಂಥ ಗಟ್ಟಿ ಹುಡುಗನೂ ಆರನೆಯದನ್ನು ನಾಳೆಗೆ ಮುಂದೂಡುತ್ತಾನೆ. ಆ ನಾಳೆ ಬರುವುದೇ ಇಲ್ಲ. ಅಭ್ಯಾಸವಿಲ್ಲದೆ ಕಾಡಿಗೆ ಹೋಗುತ್ತಾನೆ. ಗಾಯಗೊಂಡ ಜಿಂಕೆ ಮುಳ್ಳುಪೊದೆಯ ಕಡೆಗೆ ಓಡುತ್ತದೆ, ಕತ್ತಲಾಗುತ್ತದೆ, ಇವನು ಟಾರ್ಚ್ ಹಿಡಿದು ರಕ್ತದ ಹನಿ ಹುಡುಕುತ್ತಾನೆ. ಆ ಪ್ರಾಣಿಯ ನರಳಾಟಕ್ಕೆ ಯಾವ ಗೇಜೂ ಜವಾಬ್ದಾರಿಯಲ್ಲ, ಹೊಡೆದವನೇ ಜವಾಬ್ದಾರ.

ಹಾಗಂತ ಐದೂವರೆ ಪೌಂಡಿನ ಹಗುರ 20 ತಂದುಕೊಂಡು ಮೂರು ಇಂಚಿನ ತೋಟಾ ತುಂಬಿದರೆ ಅದೂ 12ರ ಹಾಗೇ ಒದೆಯುತ್ತದೆ. ಹೊತ್ತು ನಡೆಯಲು ಹಗುರ ಎಂದು ಮರುಳಾಗಬೇಡ. ದುರ್ಬೀನು ಸೇರಿ ಏಳೆಂಟು ಪೌಂಡು ತೂಗುವುದನ್ನು ನೋಡು.

ಇನ್ನು ನಳಿಗೆ. ಗೇಜಿನ ಬಗ್ಗೆ ರಾತ್ರಿಯಿಡೀ ವಾದ ಮಾಡುವವರು ಇದನ್ನು ಕೇಳುವುದೇ ಇಲ್ಲ. ನಿನ್ನ ನಳಿಗೆ ಒಳಗೆ ನುಣುಪೋ, ತಿರುಚು ಗೀರು ಇದೆಯೋ? ನುಣುಪು ನಳಿಗೆಗೆ ಫಾಸ್ಟರ್ ಸ್ಲಗ್. ಕಾರ್ಲ್ ಫಾಸ್ಟರ್ ಎಂಬಾತ 1931ರಲ್ಲಿ ಮಾಡಿದ್ದು. ಹಿಂಭಾಗ ಟೊಳ್ಳು, ಭಾರವೆಲ್ಲ ಮೂತಿಯಲ್ಲಿ, ಅದಕ್ಕೇ ಅದು ತಿರುಗದೆಯೂ ನೆಟ್ಟಗೆ ಹೋಗುತ್ತದೆ. ಒಳ್ಳೆಯ ಗುರಿಕಟ್ಟು ಇದ್ದರೆ ಎಪ್ಪತ್ತೈದು ಗಜದವರೆಗೆ ನಂಬಬಹುದು, ನಳಿಗೆಯ ತುದಿಯಲ್ಲಿ ಬರೀ ಮಣಿಯೊಂದೇ ಇದ್ದರೆ ಐವತ್ತಕ್ಕೆ ನಿಲ್ಲಿಸು. ಐವತ್ತು ಗಜಕ್ಕೆ ಹೊಂದಿಸಿದ ಕೋವಿಯಲ್ಲಿ ಅದು ನೂರು ಗಜಕ್ಕೆ ಹೋಗುವಾಗ ಐದಾರು ಇಂಚು ಕೆಳಗೆ ಬೀಳುತ್ತದೆ. ಗೀರು ನಳಿಗೆಗೆ ಸ್ಯಾಬೋ ಸ್ಲಗ್. ಪ್ಲಾಸ್ಟಿಕ್ ಕವಚದೊಳಗೆ ಸಣ್ಣ ಗುಂಡು. ಗೀರು ಹಿಡಿದು ಕವಚ ತಿರುಗುತ್ತದೆ, ಜೊತೆಗೆ ಗುಂಡೂ ತಿರುಗುತ್ತದೆ, ಹೊರಬಂದ ಮೇಲೆ ಕವಚ ಕಳಚಿ ಬೀಳುತ್ತದೆ. ಕೈ ಪಳಗಿದವನು ನೂರೈವತ್ತು ಗಜಕ್ಕೂ ಇಡಬಲ್ಲ. ಸ್ಯಾಬೋವನ್ನು ನುಣುಪು ನಳಿಗೆಗೆ ತುಂಬಿದರೆ ಅದು ತಿರುಗುವುದಿಲ್ಲ, ಅಡ್ಡಾದಿಡ್ಡಿ ಹೋಗುತ್ತದೆ. ದುಬಾರಿ ತೋಟಾ, ಡಬ್ಬಿಗೆ ಐದೇ ಬರುವುದು. ನೀನು ಕೊಂಡ ಮೊದಲ ದಿನವೇ ಈ ಎಡವಟ್ಟು ಮಾಡುವವನು ಅಂತ ನನಗೆ ಗೊತ್ತು, ಅದಕ್ಕೇ ಎರಡು ಸಲ ಹೇಳಿದರೂ ಬೇಜಾರು ಮಾಡಿಕೊಳ್ಳಬೇಡ.

ಗೀರು ನಳಿಗೆಯ 20ರಲ್ಲಿ ಸ್ಯಾವೇಜ್ 220 ಬೋಲ್ಟ್ ಕೋವಿಗೆ ಒಳ್ಳೆಯ ಹೆಸರಿದೆ, ಆ ಹೆಸರು ಸುಳ್ಳಲ್ಲ. 16 ಗೇಜು ಚೆಂದದ ಕೋವಿಯೇ, ಆದರೆ ಸ್ಲಗ್ ಹುಡುಕಿ ಅಲೆಯಬೇಕು. .410 ಅನ್ನು ಚಿಕ್ಕವರ ಕೋವಿ ಎಂದು ಯಾರಾದರೂ ಕೈಗೆ ಕೊಡಲು ಬಂದರೆ ಬೇಡ ಅನ್ನು. ಅದರ ಸ್ಲಗ್ ಔನ್ಸಿನ ಐದನೇ ಒಂದು ಪಾಲು. ಅದರಲ್ಲಿ ಜಿಂಕೆ ಹೊಡೆಯಲು ಹಳೇ ಕೈಯೇ ಬೇಕು.

"ನಮ್ಮ ಕೊಡಗಿನ ಮನೆಯಲ್ಲಿರುವುದು 12ರ ಜೋಡಿ ನಳಿಗೆ ಅಲ್ಲವೇ?" ಅಂತ ನೀನು ಕೇಳುವವನೇ. ಹೌದು ಮಾರಾಯ. ಕೈಲ್ ಮುಹೂರ್ತಕ್ಕೆ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುರಿ ಇಡುತ್ತೇವೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಲ್ಲಿ ಜಿಂಕೆಗೆ ಕೋವಿ ಎತ್ತುವುದು ಅಪರಾಧ, ಹಾಗಿರುವುದೇ ಸರಿ. ಮನೆತನದ ಅಭಿಮಾನಕ್ಕೆ ಗೇಜು ಆರಿಸಬೇಡ. ನಿನ್ನ ಹತ್ತಿರ 12 ಮೊದಲೇ ಇದ್ದಿದ್ದರೆ ಮಾರು ಎನ್ನುತ್ತಿರಲಿಲ್ಲ, ಕಡಿಮೆ ಒದೆತದ ಸ್ಲಗ್ ಹಾಕಿಕೋ ಎನ್ನುತ್ತಿದ್ದೆ. 12ಕ್ಕೆ ಬಗೆಬಗೆಯ ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆ ಗುಣ ಒಪ್ಪಲೇಬೇಕು.

ಒಂದು ಎಚ್ಚರಿಕೆ, ಇದನ್ನು ಮಾತ್ರ ಗಂಟು ಕಟ್ಟಿಕೋ. ನಿನ್ನ ಗೆಳೆಯನದು 12, ನಿನ್ನದು 20. ಇಬ್ಬರ ತೋಟಾ ಒಂದೇ ಜೇಬಿನಲ್ಲಿ ಸೇರಕೂಡದು. 20ರ ತೋಟಾ 12ರ ಕೋವಿಗೆ ಹೋದರೆ ಜಾರಿ ಮುಂದೆ ನಳಿಗೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೋವಿ ಖಾಲಿ ಇದೆ ಅಂದುಕೊಂಡು ಹಿಂದೆ ಇನ್ನೊಂದು ತುಂಬಿ ಹೊಡೆದರೆ ನಳಿಗೆ ಸಿಡಿದು ಕೈಬೆರಳು ಹೋಗುತ್ತವೆ. 20ರ ತೋಟಾಕ್ಕೆ ಹಳದಿ ಬಣ್ಣ ಕೊಟ್ಟಿರುವುದೇ ಇದಕ್ಕೆ.

ಕಾಗದ ಪತ್ರ ಮೊದಲು ನೋಡಿಕೋ. ನೀನಿರುವುದು ಎಚ್-1ಬಿ ವೀಸಾದಲ್ಲಿ. ಅಂಥವರು ಕೋವಿ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ತಡೆಯುತ್ತದೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಮೊದಲು, ಅಂಗಡಿ ಆಮೇಲೆ. ಒಹಾಯೋದಲ್ಲಿ ಕೋವಿಯೊಳಗೆ ಮೂರಕ್ಕಿಂತ ಹೆಚ್ಚು ತೋಟಾ ಇರುವಂತಿಲ್ಲ, ಮೈಮೇಲೆ ಕಿತ್ತಳೆ ಬಣ್ಣದ ಅಂಗಿ ಕಡ್ಡಾಯ. ಪಕ್ಕದ ರಾಜ್ಯಕ್ಕೆ ಹೋದರೆ ಅಲ್ಲಿನ ಆ ವರ್ಷದ ನಿಯಮ ಓದಿಕೊಂಡೇ ಹೋಗು.

ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ಶನಿವಾರ ದುಡ್ಡಿನ ಚೀಲ ಮನೆಯಲ್ಲಿಟ್ಟು ರೇಂಜಿಗೆ ಹೋಗು. ಯಾರ ಹತ್ತಿರವಾದರೂ 12 ಒಂದು, 20 ಒಂದು ಕೇಳಿ ತಗೋ. ಕಿವಿಗೆ ಕವಚ ಹಾಕಿಕೊಂಡು, ಐವತ್ತು ಗಜಕ್ಕೆ, ಎರಡರಲ್ಲೂ ಐದೈದು ಸ್ಲಗ್ ಹೊಡೆ. ಆಮೇಲೆ ಆ ಎರಡು ಗುರಿಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಾ.