ಮೊದಲು ಪ್ರಶ್ನೆ, ಆಮೇಲೆ ಇಂಡೆಕ್ಸ್

ಕೌಚ್‌ಡಿಬಿ ಹಿಡಿದು ಕೆಲಸ ಶುರುಮಾಡಿರುವ ಕಿರಿಯ ಗೆಳೆಯರೇ, ಮ್ಯಾಪ್‌ರೆಡ್ಯೂಸ್ ವ್ಯೂ ಬರೆಯಬೇಕೋ, ಸರ್ಚ್ ಇಂಡೆಕ್ಸ್ ಕಟ್ಟಬೇಕೋ ಎಂದು ನೀವು ಕೇಳುತ್ತಲೇ ಇರುತ್ತೀರಿ. ಯಾವುದು ಮೇಲು ಎಂಬ ವಾದಕ್ಕೆ ಇಳಿಯಬೇಡಿ. ದತ್ತಾಂಶಕ್ಕೆ ನೀವು ಕೇಳುವ ಪ್ರಶ್ನೆ ಎಂಥದ್ದು ಎಂದು ನೋಡಿ.

• ಕೋಡ್ ಮುಟ್ಟುವ ಮೊದಲು ಪ್ರಶ್ನೆಗಳನ್ನು ಕಾಗದದಲ್ಲಿ ಬರೆಯಿರಿ. ದಿನವೂ ಒಂದೇ ರೂಪದಲ್ಲಿ ಬರುವವು ಒಂದು ಕಡೆ. ಬಳಕೆದಾರರು ಏನು ಟೈಪ್ ಮಾಡುತ್ತಾರೋ ಊಹಿಸಲಾಗದವು ಇನ್ನೊಂದು ಕಡೆ.

• ಎಣಿಕೆ, ಮೊತ್ತ ಬೇಕಿದ್ದರೆ ವ್ಯೂ ಬರೆಯಿರಿ. ಕೀಯಲ್ಲಿ ವರ್ಷ, ತಿಂಗಳು, ದಿನವನ್ನು ಇದೇ ಕ್ರಮದಲ್ಲಿ ಇಟ್ಟರೆ, ಗ್ರೂಪ್ ಲೆವೆಲ್ 1, 2, 3 ಎಂದು ಬದಲಿಸಿ ಮೂರು ವರದಿಗಳನ್ನೂ ಒಂದೇ ವ್ಯೂನಿಂದ ಪಡೆಯಬಹುದು. ಉಪಮೊತ್ತಗಳು ಬಿ-ಟ್ರೀಯೊಳಗೇ ಕೂತಿರುವುದರಿಂದ ಲಕ್ಷಾಂತರ ದಾಖಲೆಗಳಿದ್ದರೂ ಉತ್ತರ ತಡವಾಗದು.

• ಮ್ಯಾಪ್‌ರೆಡ್ಯೂಸ್ ಎಂದೊಡನೆ 2004ರ ಗೂಗಲ್ ಪ್ರಬಂಧ ನೆನೆದು ಹೆದರಬೇಡಿ. ಅದರಲ್ಲಿರುವುದು ಇಡೀ ದತ್ತಾಂಶವನ್ನು ಒಮ್ಮೆಗೇ ಅರೆಯುವ ಬ್ಯಾಚ್ ಕೆಲಸ. ಕೌಚ್‌ಡಿಬಿ ವ್ಯೂ ಒಮ್ಮೆ ಕಟ್ಟಿದ ಮೇಲೆ ಬದಲಾದ ದಾಖಲೆಗಳನ್ನಷ್ಟೇ ಸಂಸ್ಕರಿಸುತ್ತದೆ.

• ಕೀಯ ಕ್ರಮದಲ್ಲಿ ಎಚ್ಚರವಿರಲಿ. ಊರು ಮೊದಲು, ದಿನಾಂಕ ಆಮೇಲೆ ಇರುವ ವ್ಯೂನಲ್ಲಿ ಬರೀ ದಿನಾಂಕ ಹಿಡಿದು ಹುಡುಕುವುದು, ನಿಘಂಟಿನಲ್ಲಿ ಕೊನೆಯ ಅಕ್ಷರದಿಂದ ಪದ ಹುಡುಕಿದಂತೆ.

• ಹೆಸರು, ಊರು, ಬೆಲೆ ಹುಡುಕಾಟದಲ್ಲಿ ಹೇಗೆ ಬೇಕಾದರೂ ಬೆರೆಯುವುದಿದ್ದರೆ ಸರ್ಚ್ ಇಂಡೆಕ್ಸೇ ಸರಿ. ಇದರ ಹಿಂದಿರುವುದು ಡಗ್ ಕಟಿಂಗ್ 1999ರಲ್ಲಿ ಬರೆದ ಲೂಸೀನ್. ಯಾವ ಪದ ಯಾವ ದಾಖಲೆಗಳಲ್ಲಿದೆ ಎಂಬುದನ್ನು ಅದು ಮೊದಲೇ ಬರೆದಿಟ್ಟುಕೊಂಡು, ಹೆಚ್ಚು ಹೊಂದುವುದನ್ನು ಮೇಲೆ ತರುತ್ತದೆ.

• ಕನ್ನಡ ಪಠ್ಯವಿದ್ದರೆ ಅದನ್ನು ಪದಗಳಾಗಿ ಒಡೆಯುವ ಅನಲೈಸರ್ ಪರೀಕ್ಷಿಸದೆ ಮುಂದೆ ಹೋಗಬೇಡಿ. ‘ಮನೆ’, ‘ಮನೆಯಲ್ಲಿ’, ‘ಮನೆಗೆ’ ಸ್ಟ್ಯಾಂಡರ್ಡ್ ಅನಲೈಸರ್‌ಗೆ ಮೂರು ಬೇರೆ ಪದಗಳು. ವಿಭಕ್ತಿ ಪ್ರತ್ಯಯಕ್ಕೆ ದಾರಿ ಮಾಡದಿದ್ದರೆ ನಮ್ಮ ಜನ ಹುಡುಕಿದ್ದು ಅವರಿಗೆ ಸಿಗುವುದೇ ಇಲ್ಲ.

• ವ್ಯೂನ ರೆಡ್ಯೂಸ್‌ಗೆ ಸಮ್, ಕೌಂಟ್, ಸ್ಟ್ಯಾಟ್ಸ್ ಸಿದ್ಧವಾಗಿವೆ. ಅವು ಸಾಕಾಗುವಲ್ಲಿ ಸ್ವಂತ ಜಾವಾಸ್ಕ್ರಿಪ್ಟ್ ಬೇಡ, ಅದು ನಿಧಾನ.

• ಒಂದೇ ಆ್ಯಪ್‌ನಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು: ವರದಿಗೆ ವ್ಯೂ, ಹುಡುಕಾಟಕ್ಕೆ ಸರ್ಚ್. ಆದರೆ ಪ್ರತಿ ಇಂಡೆಕ್ಸೂ ಡಿಸ್ಕ್ ತಿನ್ನುತ್ತದೆ, ದಾಖಲೆ ಬದಲಾದಾಗಲೆಲ್ಲ ಕೆಲಸ ಹೆಚ್ಚಿಸುತ್ತದೆ.

• ವ್ಯೂಗಳನ್ನು ಬರೆದಿಡುವ ಒಂದು ಡಿಸೈನ್ ಡಾಕ್ಯುಮೆಂಟ್‌ನಲ್ಲಿ ಒಂದು ವ್ಯೂ ತಿದ್ದಿದರೂ ಅದರಲ್ಲಿರುವ ವ್ಯೂಗಳೆಲ್ಲ ಮತ್ತೆ ಮೊದಲಿಂದ ಕಟ್ಟಿಕೊಳ್ಳುತ್ತವೆ. ಆದ್ದರಿಂದ ಹೊಸದನ್ನು ಬೇರೆ ಹೆಸರಿನಲ್ಲಿ ಇಟ್ಟು, ಪೂರ್ತಿ ಕಟ್ಟಿದ ಮೇಲೆ ಹಳೆಯದರ ಜಾಗಕ್ಕೆ ನಕಲಿಸಿ. ಕಾಯುವ ಕಷ್ಟ ನಿಮಗಿರಲಿ, ಬಳಕೆದಾರರಿಗೆ ಬೇಡ.