ಹಳೇ ಕನ್ಸೋಲ್ ಕೊಳ್ಳುವ ಮುನ್ನ: ಬಿಸಿಯ ಲೆಕ್ಕ, ಬ್ಯಾನ್ ಲೆಕ್ಕ

ಸೆಕೆಂಡ್ ಹ್ಯಾಂಡ್ ಪ್ಲೇಸ್ಟೇಷನ್ ಹುಡುಕಿಕೊಂಡು ಹೊರಟವರ ಕಿವಿಗೆ ‘ಜೈಲ್‌ಬ್ರೇಕ್ ಆಗಿದೆ, ಗೇಮ್ ಎಲ್ಲ ಫ್ರೀ’ ಎಂಬ ಮಾತು ಬೀಳದೇ ಇರುವುದಿಲ್ಲ. ಮಾರುವವರು ಇದನ್ನೇ ದೊಡ್ಡ ಲಾಭವೆಂದು ಮುಂದಿಡುತ್ತಾರೆ. ಜೈಲ್‌ಬ್ರೇಕ್ (ಕಂಪನಿ ಹಾಕಿದ ಸಾಫ್ಟ್‌ವೇರ್ ಬೀಗ ಮುರಿಯುವುದು) ಮಾಡಿದರೆ ಯಂತ್ರವೇ ಸುಟ್ಟುಹೋಗುತ್ತದೆ ಎಂದು ನಂಬಿ ಹಿಂಜರಿಯುವವರೂ ಇದ್ದಾರೆ. ಎರಡೂ ಅರ್ಧ ನಿಜ. ಕನ್ಸೋಲ್ ಕೆಡುವುದು ಹೆಚ್ಚಾಗಿ ಬಿಸಿಯಿಂದ, ದೂಳಿನಿಂದ, ಅರೆಬರೆ ರಿಪೇರಿಯಿಂದ. ಹೀಗೆ ಮಾಡ್ (ಮಾರ್ಪಾಡು) ಮಾಡಿಸಿದ ಕನ್ಸೋಲ್ ಕಳೆದುಕೊಳ್ಳುವುದು ವಾರಂಟಿಯನ್ನು, ಅಪ್‌ಡೇಟ್‌ಗಳನ್ನು, ಆನ್‌ಲೈನ್ ಪ್ರವೇಶವನ್ನು. ಹಾಗಾಗಿ ಯಂತ್ರದ ಆರೋಗ್ಯವನ್ನೂ ಅದರ ಪೂರ್ವಾಪರವನ್ನೂ ಬೇರೆ ಬೇರೆಯಾಗಿಯೇ ಪರೀಕ್ಷಿಸಬೇಕು.

ಹಿಂಬದಿಯ ಲೇಬಲ್ ಓದಿ

ಕರೆಂಟಿಗೆ ಸಿಕ್ಕಿಸುವ ಮೊದಲೇ ಕನ್ಸೋಲನ್ನು ತಿರುಗಿಸಿ. ಅಮೆರಿಕದಲ್ಲಿರುವ ನೆಂಟರು ರಜೆಗೆ ಬಂದಾಗ ತಂದುಕೊಟ್ಟ ಕನ್ಸೋಲ್‌ಗಳು ಕರ್ನಾಟಕದ ಎಷ್ಟೋ ಮನೆಗಳಲ್ಲಿವೆ. ಅವೇ ಮುಂದೆ ಮಾರಾಟಕ್ಕೂ ಬರುತ್ತವೆ. ಅಲ್ಲಿನ ಹಳೆಯ ಪ್ಲೇಸ್ಟೇಷನ್ 2, ಎಕ್ಸ್‌ಬಾಕ್ಸ್ 360ರ ಪವರ್ ಸಪ್ಲೈ ನಡೆಯುವುದು 110–120 ವೋಲ್ಟ್ ಆಸುಪಾಸಿನ ವಿದ್ಯುತ್ತಿನಲ್ಲಿ. ನಮ್ಮ 230 ವೋಲ್ಟ್‌ಗೆ ನೇರವಾಗಿ ಹಾಕಿದರೆ ಅಲ್ಲಿಗೆ ಮುಗಿಯಿತು. ಲೇಬಲ್ ಮೇಲೆ ‘100–240’ ಎಂದಿದ್ದರೆ ಚಿಂತೆಯಿಲ್ಲ. ಪಿಎಸ್4, ನಿಂಟೆಂಡೊ ಸ್ವಿಚ್‌ಗಳಿಗೆ ಈ ತೊಂದರೆ ಇಲ್ಲ.

ಎಕ್ಸ್‌ಬಾಕ್ಸ್ 360 ಆಗಿದ್ದರೆ ಅದೇ ಲೇಬಲ್ ಇನ್ನೂ ಒಂದು ಗುಟ್ಟು ಹೇಳುತ್ತದೆ. ಹಳೆಯ ದಪ್ಪ ಮಾಡೆಲ್‌ಗಳಲ್ಲಿ ‘12ವಿ’ ಪಕ್ಕ ಆಂಪಿಯರ್ ಸಂಖ್ಯೆ ಅಚ್ಚಾಗಿರುತ್ತದೆ. 16.5 ಎಂದಿದ್ದರೆ ಅದು ಆರಂಭದ ಬೋರ್ಡು, ಹೆಚ್ಚು ಕರೆಂಟ್ ಕುಡಿದು ಹೆಚ್ಚು ಬಿಸಿಯಾಗುವಂಥದ್ದು. 14.2 ಎಂದಿದ್ದರೆ ‘ಫಾಲ್ಕನ್’. 12.1 ಎಂದಿದ್ದರೆ 2008ರ ಕೊನೆಗೆ ಬಂದ ‘ಜ್ಯಾಸ್ಪರ್’. ದಪ್ಪ ಮಾಡೆಲ್‌ಗಳಲ್ಲಿ ಕೊಳ್ಳಲು ಯೋಗ್ಯವಾದದ್ದು ಅದೊಂದೇ.

ಬಿಸಿ ಮಾಡಿದ ಅನಾಹುತ

ಈ ಸಂಖ್ಯೆಗಳಿಗೆ ಅಷ್ಟು ಮಹತ್ವ ಯಾಕೆ ಎನ್ನುವುದಕ್ಕೆ 2005ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಎಕ್ಸ್‌ಬಾಕ್ಸ್ 360ರ ಕಥೆಯನ್ನೇ ನೋಡಬೇಕು. ಪವರ್ ಬಟನ್ ಸುತ್ತಲಿನ ಹಸಿರು ಬೆಳಕಿನ ಬದಲು ಮೂರು ಕೆಂಪು ದೀಪ ಮಿನುಗಿದರೆ ಯಂತ್ರ ಸತ್ತಂತೆ. ದೂರುಗಳು ಬೆಟ್ಟದಷ್ಟಾದಾಗ, 2007ರ ಜುಲೈನಲ್ಲಿ ಮೈಕ್ರೋಸಾಫ್ಟ್ ಈ ದೋಷಕ್ಕೆ ಮೂರು ವರ್ಷದ ವಾರಂಟಿ ಕೊಟ್ಟು, ಅದಕ್ಕಾಗಿ 100 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದಿರಿಸಿತು. ಇವುಗಳಲ್ಲಿ ಎಷ್ಟೋ ಕನ್ಸೋಲ್‌ಗಳು ಯಾವ ಮಾಡ್ ಚಿಪ್ಪನ್ನೂ ಕಂಡಿರಲಿಲ್ಲ. ಕಂಪನಿಯ ಪೆಟ್ಟಿಗೆಯಿಂದ ಹೇಗೆ ಬಂದವೋ ಹಾಗೆಯೇ ಕೆಟ್ಟವು.

ತಾಯಿಬೋರ್ಡಿನ ಬೆಸುಗೆ ಬಿಟ್ಟುಕೊಳ್ಳುವುದೇ ಕಾರಣ ಎಂದು ರಿಪೇರಿಯವರು ವರ್ಷಗಟ್ಟಲೆ ನಂಬಿದ್ದರು. 2021ರಲ್ಲಿ ಮೈಕ್ರೋಸಾಫ್ಟ್ ತಾನೇ ಹೊರತಂದ ‘ಪವರ್ ಆನ್’ ಸಾಕ್ಷ್ಯಚಿತ್ರದಲ್ಲಿ ಎಂಜಿನಿಯರ್‌ಗಳು ಬೇರೆಯೇ ವಿವರ ಕೊಟ್ಟರು: ಆನ್ ಮಾಡಿದಾಗ ಕಾದು, ಆಫ್ ಮಾಡಿದಾಗ ತಣಿದು, ಮತ್ತೆ ಮತ್ತೆ ಹಿಗ್ಗಿ ಕುಗ್ಗಿ, ಚಿಪ್ಪಿನ ಪ್ಯಾಕೇಜ್ ಒಳಗಿನ ಸೂಕ್ಷ್ಮ ಸಂಪರ್ಕಗಳೇ ಬಿರಿಯುತ್ತಿದ್ದವು.

ಕೊಳ್ಳುವವರಿಗೆ ಇದರಿಂದ ಸಿಗುವ ಪಾಠ ನೇರವಾದದ್ದು. ‘ಹೀಟ್ ಗನ್ ಹೊಡೆಸಿದ್ದೇವೆ, ರಿಬಾಲಿಂಗ್ ಆಗಿದೆ, ಈಗ ಸೂಪರ್’ ಎಂದರೆ ಆ ಯಂತ್ರವನ್ನು ಕೊಳ್ಳಬೇಡಿ. ಬಿರುಕು ಚಿಪ್ಪಿನೊಳಗೇ ಇರುವಾಗ ಹೊರಗಿನ ಬೆಸುಗೆ ಎಷ್ಟು ಸರಿ ಮಾಡಿದರೂ ಅದು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳ ಮಾತು. ಕನ್ಸೋಲಿಗೆ ಟವೆಲ್ ಸುತ್ತಿ ಕಾಯಿಸುವ ಚಿಕಿತ್ಸೆಯಂತೂ ಮನೆಗೆ ಬೆಂಕಿ ಹಚ್ಚುವ ದಾರಿ. ಪ್ಲೇಸ್ಟೇಷನ್ 3ರ ಮೊದಲ ದಪ್ಪ ಮಾಡೆಲ್‌ಗಳಲ್ಲಿ ಹಳದಿ ದೀಪ ಮಿನುಗಿ ಯಂತ್ರ ನಿಂತುಹೋಗುವ ರೋಗ ಇತ್ತು. ಅಲ್ಲಿಗೂ ಇದೇ ಎಚ್ಚರಿಕೆ.

ಅರ್ಧ ಗಂಟೆ ಓಡಿಸಿ

ಮೆನು ತೋರಿಸಿ ‘ನೋಡಿ, ಚೆನ್ನಾಗಿದೆ’ ಎನ್ನುವ ಮಾರಾಟಗಾರರಿಗೆ ಒಪ್ಪಬೇಡಿ. ಗ್ರಾಫಿಕ್ಸ್ ಭಾರವಿರುವ ಗೇಮ್ ಒಂದನ್ನು ಕನಿಷ್ಠ ಅರ್ಧ ಗಂಟೆ ಓಡಿಸಿ. ಮೊಬೈಲ್ ಟಾರ್ಚನ್ನು ಗಾಳಿಕಿಂಡಿಗೆ ಹಿಡಿದು ನೋಡಿ: ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಬೂದು ಬಣ್ಣದ ದೂಳು ಕಂಬಳಿಯಂತೆ ಕೂತಿದ್ದರೆ ಆ ಯಂತ್ರ ಉಸಿರು ಕಟ್ಟಿಕೊಂಡೇ ದುಡಿದಿದೆ. ಹಿಂದಿನಿಂದ ಬರುವ ಗಾಳಿಗೆ ಅಂಗೈ ಒಡ್ಡಿ. ಬಿಸಿಗಾಳಿ ಜೋರಾಗಿ ಬಂದರೆ ಒಳ್ಳೆಯದೇ, ಶಾಖ ಹೊರಗೆ ಹೋಗುತ್ತಿದೆ ಎಂದರ್ಥ. ಫ್ಯಾನ್ ಅಬ್ಬರಿಸುತ್ತಿದ್ದರೂ ಗಾಳಿ ತಣ್ಣಗೇ ಇದ್ದರೆ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು. ಪರದೆಯ ಮೇಲೆ ಚುಕ್ಕೆ, ಗೆರೆ, ಬಣ್ಣದ ಚೌಕಗಳು ಮೂಡಿದರೆ ಅಲ್ಲೇ ನಿಲ್ಲಿಸಿ.

ಡಿಸ್ಕ್ ಡ್ರೈವ್ ಇರುವ ಕನ್ಸೋಲಿಗೆ ಸ್ವಂತ ಡಿಸ್ಕ್ ಒಂದನ್ನು ಒಯ್ಯಿರಿ. ಪ್ಲೇಸ್ಟೇಷನ್ 2ರಲ್ಲಿ ಮೊದಲು ಸೋಲುವುದು ಲೇಸರ್. ಅಗ್ಗದ ಖಾಲಿ ಡಿವಿಡಿಗಳಲ್ಲಿ ಬರೆದ ಕಳ್ಳ ಪ್ರತಿಗಳನ್ನು ಓದಲು ಅದು ಮತ್ತೆ ಮತ್ತೆ ಹಿಂದೆ ಮುಂದೆ ಓಡಾಡಬೇಕಾಗುತ್ತದೆ. ‘ಟಕ್ ಟಕ್’ ಸದ್ದು ಮಾಡುತ್ತ ತಡವಾಗಿ ಲೋಡ್ ಆದರೆ ಬೆಲೆಯಲ್ಲಿ ಹೊಸ ಲೇಸರಿನ ಖರ್ಚು ಕಳೆಯಿರಿ. ಕೈಯಲ್ಲಿ ಹಿಡಿದು ಆಡುವ ಸ್ವಿಚ್ ಆದರೆ ಜಾಯ್‌ಸ್ಟಿಕ್‌ಗಳನ್ನು ಮುಟ್ಟದೆ ಮೇಜಿನ ಮೇಲಿಡಿ. ಪರದೆಯಲ್ಲಿನ ಪಾತ್ರ ತಾನಾಗಿ ನಡೆಯತೊಡಗಿದರೆ ಅದೇ ‘ಡ್ರಿಫ್ಟ್’.

ಪೂರ್ವಾಪರ ವಿಚಾರಿಸಿ

ಪಿಎಸ್4ನಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸಿಸ್ಟಂ ಇನ್ಫರ್ಮೇಷನ್ ತೆರೆದು ಸಾಫ್ಟ್‌ವೇರ್ ಆವೃತ್ತಿ ನೋಡಿ. 5.05, 6.72, 9.00, 11.00 ಇಂಥ ಹಳೆಯ ಸಂಖ್ಯೆಯಲ್ಲೇ ನಿಂತಿದ್ದರೆ ಅನುಮಾನಕ್ಕೆ ಎಡೆಯಿದೆ. ಜೈಲ್‌ಬ್ರೇಕ್ ಸಾಧ್ಯವಾದದ್ದು ಇಂಥ ಆವೃತ್ತಿಗಳಲ್ಲೇ. ‘ನೆಟ್‌ಗೆ ಕನೆಕ್ಟ್ ಮಾಡಬೇಡಿ, ಅಪ್‌ಡೇಟ್ ಕೇಳಿದರೆ ಬೇಡ ಅನ್ನಿ’ ಎಂದು ಮಾರುವವರೇ ಹೇಳಿದರೆ ಬೇರೆ ಸಾಕ್ಷಿ ಬೇಕಿಲ್ಲ.

ಅಪ್‌ಡೇಟ್ ಇಲ್ಲದಿದ್ದರೇನು ನಷ್ಟ ಎನ್ನುವವರಿಗೆ ಒಂದು ಉದಾಹರಣೆ ಸಾಕು. ಪಿಎಸ್4 ಒಳಗೆ ಸಮಯ ನೆನಪಿಡಲು ನಾಣ್ಯದಂಥ ಸಣ್ಣ ಬ್ಯಾಟರಿ ಇದೆ. ಅದು ಸತ್ತು, ಸೋನಿಯ ನೆಟ್‌ವರ್ಕ್ ಜೊತೆ ಗಡಿಯಾರ ಸರಿಪಡಿಸಿಕೊಳ್ಳಲೂ ಆಗದಿದ್ದರೆ, ಹಣ ಕೊಟ್ಟು ಕೊಂಡ ಅಸಲಿ ಡಿಸ್ಕ್ ಕೂಡ ಓಡುತ್ತಿರಲಿಲ್ಲ. ಸೋನಿ ಇದನ್ನು ಸರಿಪಡಿಸಿದ್ದು 2021ರ ಸೆಪ್ಟೆಂಬರ್‌ನ 9.00 ಆವೃತ್ತಿಯಲ್ಲಿ. 5.05ರಲ್ಲೇ ಕೂತ ಕನ್ಸೋಲಿಗೆ ಆ ಪರಿಹಾರ ಮುಟ್ಟಿಯೇ ಇಲ್ಲ.

ಮುಂದಿನ ಹೆಜ್ಜೆ ಅಂಗಡಿಯಲ್ಲೇ ಆಗಬೇಕು. ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡಿ, ಕನ್ಸೋಲಿಗೆ ಸ್ವಂತ ಖಾತೆಯಿಂದ ಲಾಗಿನ್ ಆಗಿ, ಆನ್‌ಲೈನ್ ಸ್ಟೋರ್ ತೆರೆಯಿರಿ. ಬ್ಯಾನ್ ಬೀಳುವುದು ಖಾತೆಗೆ ಮಾತ್ರವಲ್ಲ, ಯಂತ್ರಕ್ಕೂ. 2009ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಡ್ರೈವ್ ಮಾಡ್ ಮಾಡಿಸಿದ್ದ ಎಕ್ಸ್‌ಬಾಕ್ಸ್ 360ಗಳನ್ನು ಒಟ್ಟೊಟ್ಟಿಗೆ ಎಕ್ಸ್‌ಬಾಕ್ಸ್ ಲೈವ್‌ನಿಂದ ಹೊರಹಾಕಿದಾಗ, ಅವುಗಳಲ್ಲಿ ಎಷ್ಟೋ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬಂದವು. ಏನೂ ತಿಳಿಯದೆ ಕೊಂಡವರು ಬೇರೆಯವರ ಶಿಕ್ಷೆಯನ್ನು ಮನೆಗೆ ತಂದರು. ಸ್ವಿಚ್‌ನಲ್ಲಿ 2124-4007 ಎಂಬ ದೋಷಸಂಖ್ಯೆ ಕಂಡರೆ ಆ ಯಂತ್ರದ ಆನ್‌ಲೈನ್ ಬಳಕೆಗೆ ನಿಂಟೆಂಡೊ ತಡೆ ಹಾಕಿದೆ ಎಂದರ್ಥ. 2025ರ ಜೂನ್‌ನಲ್ಲಿ ಬಂದ ಸ್ವಿಚ್ 2ರಲ್ಲೂ ಕೆಲವೇ ದಿನಗಳಲ್ಲಿ ಇಂಥ ಬ್ಯಾನ್‌ಗಳು ಶುರುವಾದವು.

ಸ್ವಿಚ್‌ನ ವಿಷಯದಲ್ಲಿ ಇನ್ನೊಂದು ಸೂಕ್ಷ್ಮ. 2018ರಲ್ಲಿ ಅದರ ಟೆಗ್ರಾ ಚಿಪ್ಪಿನಲ್ಲಿ ಪತ್ತೆಯಾದ ಲೋಪ ಚಿಪ್ಪಿನಲ್ಲೇ ಕೆತ್ತಿದಂತಿತ್ತು, ಅಪ್‌ಡೇಟ್ ಕಳಿಸಿ ಮುಚ್ಚುವಂತಿರಲಿಲ್ಲ. ಆ ಕಾಲದ ಯಂತ್ರಗಳನ್ನು ಮಾಡ್ ಮಾಡಲು ಬಲಬದಿಯ ಕಂಟ್ರೋಲರ್ (ಜಾಯ್-ಕಾನ್) ಕೂರುವ ಹಳಿಯೊಳಗೆ ‘ಜಿಗ್’ ಎಂಬ ಸಣ್ಣ ಸಾಧನ ತೂರಿಸುತ್ತಿದ್ದರು. ಬಲಗಡೆಯ ಜಾಯ್-ಕಾನ್ ತೆಗೆದು, ಹಳಿಯ ತುದಿಯಲ್ಲಿರುವ ಪಿನ್‌ಗಳು ಬಾಗಿವೆಯೇ, ಗೀಚಿವೆಯೇ ಎಂದು ನೋಡಿ. ಪವರ್ ಒತ್ತಿದಾಗ ನಿಂಟೆಂಡೊ ಹೆಸರಿನ ಜೊತೆಗೆ ಬೇರೆ ಯಾವುದೋ ಲಾಂಛನ ಮಿಂಚಿ ಮರೆಯಾಯಿತೇ ಎಂಬುದನ್ನೂ ಗಮನಿಸಿ.

ಕಾನೂನು ಎಲ್ಲಿ ಗೆರೆ ಎಳೆಯುತ್ತದೆ

ಮಾಡ್ ಬೇರೆ, ಪೈರಸಿ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕಾಯ್ದೆ ನೋಡುವುದು ಉದ್ದೇಶವನ್ನು. ಕಂಪ್ಯೂಟರ್ ಪ್ರೋಗ್ರಾಂನ ಕಾನೂನುಬದ್ಧ ಪ್ರತಿ ಉಳ್ಳವರು ನಷ್ಟದ ಭಯಕ್ಕೆ ಬ್ಯಾಕಪ್ ಮಾಡಿಟ್ಟುಕೊಳ್ಳಲು 52ನೇ ಕಲಂ ಅವಕಾಶ ಕೊಡುತ್ತದೆ. ಕಳ್ಳಪ್ರತಿ ಎಂದು ಗೊತ್ತಿದ್ದೂ ಬಳಸಿದರೆ 63ಬಿ ಕಲಮಿನಡಿ ಶಿಕ್ಷೆ ಇದೆ. ಕರ್ನಾಟಕವು 2014ರಲ್ಲಿ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು ‘ಡಿಜಿಟಲ್ ಅಪರಾಧಿ’ಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು, ಕಳ್ಳಪ್ರತಿಯನ್ನೇ ದಂಧೆ ಮಾಡಿಕೊಂಡವರು ಇದನ್ನು ಮರೆಯುವಂತಿಲ್ಲ. ಸ್ವಿಚ್ ಮಾಡ್ ಸಾಧನಗಳನ್ನು ಮಾರುತ್ತಿದ್ದ ‘ಟೀಮ್ ಎಕ್ಸಿಕ್ಯೂಟರ್’ ಗುಂಪಿನ ಗ್ಯಾರಿ ಬೌಸರ್‌ಗೆ ಅಮೆರಿಕದ ನ್ಯಾಯಾಲಯ 2022ರಲ್ಲಿ 40 ತಿಂಗಳ ಜೈಲು ವಿಧಿಸಿತು.

ಆಯಸ್ಸು ಹೆಚ್ಚಿಸುವ ಮಾಡ್

ಮಾಡ್ ಎಂದರೆ ಕಳ್ಳತನ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯ. ಪಿಎಸ್3ರ ಸುಡುವ 90 ನ್ಯಾನೋಮೀಟರ್ ಗ್ರಾಫಿಕ್ಸ್ ಚಿಪ್ ಕಿತ್ತು, ಮುಂದಿನ ಮಾಡೆಲ್‌ಗಳ ತಣ್ಣನೆಯ 40 ನ್ಯಾನೋಮೀಟರ್ ಚಿಪ್ ಕೂರಿಸುವ ‘ಫ್ರಾಂಕನ್‌ಸ್ಟೈನ್’ ಮಾಡ್ ನಿಜವಾದ ಕಸುಬುದಾರಿಕೆ. ಪಿಎಸ್2ರಲ್ಲಿ ಸ್ವಂತ ಡಿಸ್ಕಿನ ಪ್ರತಿಯನ್ನು ಹಾರ್ಡ್ ಡಿಸ್ಕಿನಿಂದ ಓಡಿಸಿದರೆ ಲೇಸರ್‌ಗೆ ಕೆಲಸವೇ ಇಲ್ಲ. ಹೈದರಾಬಾದಿನಲ್ಲಿ ತಯಾರಾಗಿ 2009ರಲ್ಲಿ ಬಂದ ‘ಹನುಮಾನ್: ಬಾಯ್ ವಾರಿಯರ್’ನಂಥ ಪಿಎಸ್2 ಗೇಮ್ ಡಿಸ್ಕ್‌ಗಳು ಇನ್ನು ಹೊಸದಾಗಿ ಅಚ್ಚಾಗುವುದಿಲ್ಲ. 2024ರ ಜುಲೈನಲ್ಲಿ ಎಕ್ಸ್‌ಬಾಕ್ಸ್ 360ರ ಸ್ಟೋರ್ ಮುಚ್ಚಿದ ಮೇಲೆ ಅಲ್ಲಿ ಮಾತ್ರ ಸಿಗುತ್ತಿದ್ದ ಗೇಮ್‌ಗಳನ್ನು ಹಣ ಕೊಟ್ಟರೂ ಕೊಳ್ಳಲಾಗದು. ಇವನ್ನೆಲ್ಲ ಜೋಪಾನವಾಗಿ ಉಳಿಸುತ್ತಿರುವವರಲ್ಲಿ ಮಾಡ್ ಬಲ್ಲವರೇ ಹೆಚ್ಚು.

ಮನೆಗೆ ತಂದ ಮೇಲೆ

ಟಿವಿ ಸ್ಟ್ಯಾಂಡಿನ ಮುಚ್ಚಿದ ಖಾನೆಯಲ್ಲಿ ಇಡಬೇಡಿ. ಹಿಂದೆ, ಪಕ್ಕದಲ್ಲಿ ಒಂದು ಗೇಣು ಜಾಗವಿರಲಿ. ವೋಲ್ಟೇಜ್ ಏರಿಳಿತ ಇರುವ ಊರಲ್ಲಿ ಸ್ಟೆಬಿಲೈಸರ್ ಬೇಕು. ಪಿಎಸ್4ಗೆ ಹೊಸ ಥರ್ಮಲ್ ಪೇಸ್ಟ್ ಹಾಕಿಸುವಾಗಲೇ ಆ ಸಣ್ಣ ಬ್ಯಾಟರಿಯನ್ನೂ ಬದಲಿಸಲು ಹೇಳಿ. ಎರಡೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸುಲಭವಾಗಿ ಸಿಗುತ್ತವೆ. ಪಿಎಸ್5 ಒಳಗೆ ಮಾತ್ರ ಪೇಸ್ಟ್ ಬದಲು ದ್ರವಲೋಹ ಇದೆ. ಅದು ವಿದ್ಯುತ್ ಹರಿಸುವ ವಸ್ತು, ಒಂದು ಹನಿ ಬೋರ್ಡಿಗೆ ಜಾರಿದರೂ ಶಾರ್ಟ್ ಆಗುತ್ತದೆ. ಪಿಎಸ್5 ಬಿಚ್ಚಿದ ಅನುಭವ ಇರುವವರ ಕೈಗಷ್ಟೇ ಅದನ್ನು ಕೊಡಿ.

ಹಣ ಕೊಡುವಾಗ ಬಿಲ್ಲಿನ ಮೇಲೆ ಕನ್ಸೋಲಿನ ಸೀರಿಯಲ್ ನಂಬರ್, ಸಾಫ್ಟ್‌ವೇರ್ ಆವೃತ್ತಿ, ಬಿಚ್ಚಿದ್ದರೆ ಯಾಕೆ ಬಿಚ್ಚಿದ್ದು ಎಂಬುದನ್ನು ಬರೆಸಿಕೊಳ್ಳಿ. ಬ್ಯಾನ್ ಕಂಡುಬಂದರೆ ಹಣ ವಾಪಸ್ ಎಂಬ ಸಾಲೂ ಅದರಲ್ಲಿರಲಿ. ಇಷ್ಟನ್ನು ಬರೆದುಕೊಡಲು ಒಪ್ಪದ ಕಡೆ ಮುಂಗಡ ಕೊಡದೆ ಬೇರೆ ಅಂಗಡಿ ನೋಡಿ.