ನಾಲ್ವರು ಹೊತ್ತ ರೋಗಿ

(ಸಭೆಯ ಕೂಟಗಳಲ್ಲಿ ಓದತಕ್ಕ ಪಾಠ)

ಓದತಕ್ಕ ವೇದಭಾಗ: ಮಾರ್ಕ ೨:೧-೧೨



ಕಪೆರ್ನೌಮಿನ ಆ ಮನೆಯಲ್ಲಿ ಪರಮವೈದ್ಯನು ಕುಳಿತಿದ್ದನು. ಸ್ವಸ್ಥಮಾಡುವ ಶಕ್ತಿಯೂ ಅಲ್ಲಿತ್ತು. ಆದರೂ ಪಾರ್ಶ್ವವಾಯುವಿನಿಂದ ಬಿದ್ದುಕೊಂಡಿದ್ದವನಿಗೆ ಅದು ದೂರವಾಗಿಯೇ ಇತ್ತು. ಯಾಕೆಂದರೆ ಅವನು ನಡೆಯಲಾರದವನು, ಬಾಗಿಲಲ್ಲಿಯೋ ಜನರ ಗುಂಪು. ಆಗ ನಾಲ್ವರು ಅವನನ್ನು ಹೊತ್ತು ತಂದರು. ದಾರಿ ಸಿಕ್ಕದಿರಲು ಮಾಳಿಗೆಯನ್ನು ತೆರೆದು ದಾರಿಮಾಡಿದರು. ಕರ್ತನು ಅವರ ನಂಬಿಕೆಯನ್ನು ನೋಡಿದನೆಂದು ಸುವಾರ್ತಿಕನು ಹೇಳುತ್ತಾನೆ. ನಂಬಿಕೆಯು ಹೃದಯದಲ್ಲಿ ಅಡಗಿರುವಂಥದು. ಆ ದಿನ ಅದು ಬೆವರಿದ ಹೆಗಲುಗಳಲ್ಲಿಯೂ ಮಣ್ಣು ಹತ್ತಿದ ಕೈಗಳಲ್ಲಿಯೂ ಕಣ್ಣಿಗೆ ಕಂಡಿತು.

ರೋಗಿಗೂ ವೈದ್ಯನಿಗೂ ನಡುವೆ ಇರುವ ದಾರಿಯ ಭಾರವನ್ನು ಯಾರು ಹೊರಬೇಕು? ಈ ಪ್ರಶ್ನೆಗೆ ಅಮೇರಿಕಾ ದೇಶದ ಒಂದು ಬೆಟ್ಟದ ಸೀಮೆಯಲ್ಲಿ ನಡೆದ ಕೆಲಸವು ಒಳ್ಳೇ ಉತ್ತರವನ್ನು ಕೊಡುತ್ತದೆ.

೧. ದಾರಿಯಿಲ್ಲದ ಸೀಮೆ

ಕೆಂಟಕಿ ಎಂಬ ಸಂಸ್ಥಾನದ ಮೂಡಣ ಬೆಟ್ಟಗಳ ನಡುವೆ ಲೆಸ್ಲಿ ಎಂಬ ಕೌಂಟಿಯು ಇದೆ. ಕೌಂಟಿ ಎಂದರೆ ನಮ್ಮ ತಾಲ್ಲೂಕಿನಂಥ ಒಂದು ಭಾಗ. ನೂರು ವರುಷಗಳ ಹಿಂದೆ ಅಲ್ಲಿ ಸುಮಾರು ಹತ್ತು ಸಾವಿರ ಜನರಿದ್ದರು. ಗಾಡಿ ಓಡುವಂಥ ಒಳ್ಳೇ ರಸ್ತೆಗಳಿರಲಿಲ್ಲ. ಹಳ್ಳಗಳ ಪಾತ್ರವೇ ಅನೇಕ ಕಡೆಗಳಲ್ಲಿ ದಾರಿಯಾಗಿತ್ತು. ಪರವಾನಗಿ ಪಡೆದ ವೈದ್ಯನು ಒಬ್ಬನೂ ಅಲ್ಲಿ ವಾಸವಾಗಿರಲಿಲ್ಲ. ಹೆರಿಗೆಯ ಕಾಲದಲ್ಲಿ ನೆರೆಯ ಸೂಲಗಿತ್ತಿಯೇ ಗತಿ. ಹೆರಿಗೆ ಸುಲಭವಾದರೆ ಸಂತೋಷ. ಕಷ್ಟವಾದರೆ ಮನೆಯವರು ಕೈಕಟ್ಟಿಕೊಂಡು ನೋಡಬೇಕಾಗಿತ್ತು.

ಈ ಸೀಮೆಯ ತಾಯಂದಿರ ಮೇಲೆ ಮೇರಿ ಬ್ರೆಕಿನ್‌ರಿಜ್ ಎಂಬ ಸ್ತ್ರೀಯು ಕನಿಕರಪಟ್ಟಳು. ಆಕೆಯು ೧೮೮೧ರಲ್ಲಿ ದೊಡ್ಡ ಮನೆತನದಲ್ಲಿ ಹುಟ್ಟಿ, ದಾದಿಯ ವಿದ್ಯೆಯನ್ನು ಕಲಿತವಳು. ೧೯೧೬ರಲ್ಲಿ ಹುಟ್ಟಿದ ಆಕೆಯ ಹೆಣ್ಣುಮಗುವು ಕೆಲವು ತಾಸುಗಳೊಳಗೇ ತೀರಿಹೋಯಿತು. ೧೯೧೮ರಲ್ಲಿ ನಾಲ್ಕು ವರುಷದ ಮಗನೂ ತೀರಿಹೋದನು. ಬರಿದಾದ ಮಡಿಲಿನ ಈ ತಾಯಿಯು ತನ್ನ ದುಃಖದಲ್ಲಿಯೇ ಕುಳಿತುಬಿಡದೆ, ಇತರರ ಮಕ್ಕಳು ಉಳಿಯುವದಕ್ಕಾಗಿ ತನ್ನ ಆಯುಷ್ಯವನ್ನು ಒಪ್ಪಿಸಿಕೊಟ್ಟಳು.

೨. ಕುದುರೆಯೇರಿದ ದಾದಿಯರು

ಆಕೆಯು ಮೊದಲು ಮಾಡಿದ್ದು ವಿಚಾರಣೆ. ೧೯೨೩ರ ಬೇಸಿಗೆಯಲ್ಲಿ ಕುದುರೆಯ ಮೇಲೆ ಬೆಟ್ಟಗಳನ್ನು ಸುತ್ತಿ, ೫೩ ಮಂದಿ ಸೂಲಗಿತ್ತಿಯರನ್ನು ಅವರವರ ಮನೆಗಳಲ್ಲಿಯೇ ಕಂಡು ಮಾತಾಡಿದಳು. ಬಳಿಕ ಲಂಡನಿನಲ್ಲಿ ಪ್ರಸೂತಿವಿದ್ಯೆಯನ್ನು ಕಲಿತು, ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿಯೂ ದ್ವೀಪಗಳಲ್ಲಿಯೂ ದಾದಿಯರು ಬಡಜನರನ್ನು ಹೇಗೆ ನೋಡಿಕೊಳ್ಳುತ್ತಾರೆಂಬದನ್ನು ಕಂಡುಬಂದಳು. ೧೯೨೫ರಲ್ಲಿ ಲೆಸ್ಲಿಯಲ್ಲಿ ಕೆಲಸವು ಆರಂಭವಾಯಿತು. ೧೯೨೮ರಲ್ಲಿ ಹೈಡನ್ ಎಂಬ ಊರಿನಲ್ಲಿ ಚಿಕ್ಕ ಆಸ್ಪತ್ರೆಯು ತೆರೆಯಲ್ಪಟ್ಟಿತು. ಅದೇ ವರುಷ ಆ ಸಂಘಕ್ಕೆ ಫ್ರಾಂಟಿಯರ್ ನರ್ಸಿಂಗ್ ಸರ್ವಿಸ್ ಎಂಬ ಹೆಸರಾಯಿತು.

ಕೆಲಸದ ಕ್ರಮವು ಹೀಗಿತ್ತು. ಬೆಟ್ಟಗಳ ನಡುವೆ ಅಲ್ಲಲ್ಲಿ ದಾದಿಯರ ಮನೆಗಳನ್ನು ಕಟ್ಟಿದರು. ಒಂದೊಂದು ಮನೆಯವರು ಸುತ್ತಲಿನ ಸುಮಾರು ೫ ಮೈಲಿನ ಕುಟುಂಬಗಳನ್ನು ನೋಡಿಕೊಳ್ಳುವರು. ಬೇಕಾದ ಸಾಮಾನೆಲ್ಲಾ ತಡಿಚೀಲದಲ್ಲಿ ಸಿದ್ಧವಾಗಿರುವದು. ಬಸುರಿಯ ಗಂಡನು ದಾದಿಯ ಬಾಗಿಲಿಗೆ ಬಂದು ಕೂಗಿದರೆ, ಮಳೆಯಾಗಲಿ ನಡುರಾತ್ರಿಯಾಗಲಿ, ಆಕೆಯು ಹೊರಡಬೇಕು. ಹೆರಿಗೆಯಾಗುವ ವರೆಗೆ ಕಾಯದೆ, ತಿಂಗಳುಗಳ ಮುಂಚಿನಿಂದಲೇ ಬಸುರಿಯರನ್ನು ಪರೀಕ್ಷಿಸುತ್ತಿದ್ದರು. ಅಪಾಯದ ಗುರುತು ಕಂಡರೆ ವೈದ್ಯರ ಬಳಿಗೆ ಕಳುಹಿಸುತ್ತಿದ್ದರು. ವಿಷಮಜ್ವರ, ಗಂಟಲಮಾರಿ ಮೊದಲಾದ ರೋಗಗಳಿಗೆ ಚುಚ್ಚುಮದ್ದು ಹಾಕುತ್ತಿದ್ದರು.

ಫಲವೇನು? ಅವರು ಮಾಡಿಸಿದ ಮೊದಲಿನ ೧,೦೦೦ ಹೆರಿಗೆಗಳ ಲೆಕ್ಕವನ್ನು ಒಂದು ವಿಮಾ ಕಂಪನಿಯ ಲೆಕ್ಕಿಗರು ಪರೀಕ್ಷಿಸಿದಾಗ, ಬಸುರು ಹೆರಿಗೆಗಳೇ ನೇರವಾದ ಕಾರಣವಾಗಿ ಸತ್ತ ತಾಯಿ ಒಬ್ಬಳೂ ಇರಲಿಲ್ಲ.

೩. ಜನರ ಪಾಲು

ಇದು ಬರೀ ದಾನವಾಗಿರಲಿಲ್ಲ. ಹೆರಿಗೆಗೆ ೫ ಡಾಲರು, ಕುಟುಂಬದ ಶುಶ್ರೂಷೆಗೆ ವರುಷಕ್ಕೆ ೧ ಡಾಲರು ಎಂದು ಕಟ್ಟಳೆಯಿತ್ತು. ಹಣವಿಲ್ಲದವರು ಕೋಳಿ, ಮೊಟ್ಟೆ, ಕುದುರೆಗೆ ಮೇವು, ಮರ, ಇಲ್ಲವೆ ಕೈಕೆಲಸವನ್ನು ಕೊಡುತ್ತಿದ್ದರು. ರೋಗಿಯನ್ನು ಹೊತ್ತುಕೊಂಡು ಹೋಗಬೇಕಾದಾಗ ನೆರೆಯವರೇ ಹೆಗಲು ಕೊಡುತ್ತಿದ್ದರು. ಹೀಗೆ ದಾದಿಯು ಅರ್ಧ ದಾರಿ ಬಂದಳು, ಊರವರು ಅರ್ಧ ದಾರಿ ಹೋದರು. ಮೇರಿಯು ೧೯೬೫ರಲ್ಲಿ ಕರ್ತನಲ್ಲಿ ನಿದ್ರೆಹೋದಳು. ೧೯೩೯ರಲ್ಲಿ ಆರಂಭವಾದ ಆ ಸಂಘದ ಪ್ರಸೂತಿವಿದ್ಯೆಯ ಶಾಲೆಯು ವಿಶ್ವವಿದ್ಯಾಲಯವಾಗಿ ಬೆಳೆದು ಇಂದಿಗೂ ನಡೆಯುತ್ತಿದೆ.

೪. ನಮಗೆ ಬುದ್ಧಿ

ಪ್ರಾರ್ಥನೆಯಿರುವಾಗ ಆಸ್ಪತ್ರೆ ಏತಕ್ಕೆ, ಅದು ಅವಿಶ್ವಾಸವಲ್ಲವೇ ಎಂದು ನಮ್ಮಲ್ಲಿ ಕೆಲವರು ಕೇಳುವದುಂಟು. ಲೂಕನು ವೈದ್ಯನಾಗಿದ್ದನು, ಪೌಲನು ಅವನನ್ನು ಪ್ರಿಯನೆಂದು ಕರೆದನು (ಕೊಲೊಸ್ಸೆ ೪:೧೪). ಪ್ರಾರ್ಥಿಸುವ ಬಾಯೂ ಹೊರುವ ಹೆಗಲೂ ಒಂದೇ ದೇಹಕ್ಕೆ ಸೇರಿದವು. ಮತ್ತೆ ಕೆಲವರು, ಮನೆಯ ಯಜಮಾನನು ಬರಲಿ, ಬೆಳಗಾಗಲಿ, ಹಣ ಸೇರಲಿ ಎಂದು ಕಾಯುತ್ತಾರೆ. ಹೀಗೆ ಕಾದ ತಾಸುಗಳಲ್ಲಿ ಎಷ್ಟೋ ತೊಟ್ಟಿಲುಗಳು ತಾಯಿಯಿಲ್ಲದೆ ಉಳಿದಿವೆ.

ಲೆಸ್ಲಿಯ ಜನರಿಗೆ ಇಲ್ಲದ ಅನುಕೂಲಗಳು ಇಂದು ನಮ್ಮ ಕರ್ನಾಟಕದ ಹಳ್ಳಿಗಳಿಗೆ ಉಂಟು. ಆಶಾ ಕಾರ್ಯಕರ್ತೆಯು ಊರಲ್ಲಿಯೇ ಇದ್ದಾಳೆ. ೧೦೮ಕ್ಕೆ ಕರೆದರೆ ಆಂಬುಲೆನ್ಸ್ ಬರುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯು ಉಚಿತ. ಆದರೂ ಕರೆಯುವವರು, ಜೊತೆಗೆ ಹೋಗುವವರು, ಮನೆಯಲ್ಲಿ ಉಳಿದ ಮಕ್ಕಳಿಗೆ ಗಂಜಿ ಕೊಡುವವರು ಬೇಕಲ್ಲವೇ?

ಆದಕಾರಣ ಪ್ರತಿ ಸಭೆಯಲ್ಲಿಯೂ ನಾಲ್ವರು ಮುಂದೆ ಬರಲಿ. ಬಸುರಿಯ ಹೆಸರನ್ನು ಮೊದಲಿನ ಮೂರು ತಿಂಗಳೊಳಗೆ ಬರೆಯಿಸಿದ್ದಾರೋ ಎಂದು ಒಬ್ಬರು ವಿಚಾರಿಸಲಿ; ವಾಹನದ ಏರ್ಪಾಡನ್ನು ಒಬ್ಬರು ನೋಡಲಿ; ಒಬ್ಬರು ಜೊತೆಗೆ ಹೋಗಲಿ; ಒಬ್ಬರು ಮನೆಯನ್ನು ನೋಡಿಕೊಳ್ಳಲಿ. ರಕ್ತ ಹೋಗುವದು, ಮುಖ ಕೈಗಳ ಬಾವು, ಬಲವಾದ ತಲೆನೋವಿನೊಂದಿಗೆ ಕಣ್ಣು ಮಂಜಾಗುವದು, ಸೆಳವು, ಜ್ವರ, ಇವುಗಳಲ್ಲಿ ಒಂದು ಕಂಡರೂ ಒಂದು ಗಳಿಗೆಯೂ ತಡಮಾಡಬಾರದು. ನೆರೆಯವಳು ನಮ್ಮ ಸಭೆಯವಳಲ್ಲದಿದ್ದರೂ ಹಾಗೆಯೇ ಮಾಡಬೇಕು. ಸಮಾರ್ಯದವನು ಗಾಯಪಟ್ಟವನ ಕುಲವನ್ನು ಕೇಳಲಿಲ್ಲ.

ಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

೧. ಕರ್ತನು ಯಾರ ನಂಬಿಕೆಯನ್ನು ನೋಡಿದನು? ಅದು ಹೇಗೆ ಕಂಡಿತು?
೨. ಲೆಸ್ಲಿಯ ಬಡವರು ದಾದಿಯರ ಕೆಲಸದಲ್ಲಿ ಹೇಗೆ ಪಾಲುಗಾರರಾದರು?
೩. ನಮ್ಮ ಊರಿನಲ್ಲಿ ಈ ತಿಂಗಳು ಹೊರಬೇಕಾದ ರೋಗಿ ಯಾರು? ಆ ನಾಲ್ವರು ಯಾರು?

ಪ್ರಾರ್ಥನೆಗೆ ವಿಷಯ: ನಮ್ಮ ಊರಿನ ಬಸುರಿಯರು, ಬಾಣಂತಿಯರು, ಅವರನ್ನು ನೋಡಿಕೊಳ್ಳುವ ದಾದಿಯರು.